ಸಣ್ಣ ಹಿಂಡು ದೊಡ್ಡ ಹಿಂಡನ್ನು ಓಡಿಸಿದ್ದು ಹೇಗೆ? ಕಾದಾಡಬೇಕೋ ಬೇಡವೋ ಎಂದು ಪ್ರಾಣಿಗಳು ತೀರ್ಮಾನಿಸುವ ಬಗೆ

ಬ್ಯಾಣದಂಚು, ಹೊಸನಗರ

ಎಲ್ಲರಿಗೂ ನಮಸ್ಕಾರ. ಮಂಗ ಓಡಿಸುವ ಉಪಾಯ ಕೇಳುತ್ತಿಲ್ಲ, ಅದರ ಬಗ್ಗೆ ಇಲ್ಲಿ ಬೇಕಾದಷ್ಟು ಬರೆದಾಗಿದೆ. ನನ್ನದು ಬೇರೆ ಪ್ರಶ್ನೆ.

ನಮ್ಮ ತೋಟಕ್ಕೆ ಎರಡು ಹಿಂಡು ಬರುತ್ತವೆ. ಮೇಲಿನ ಕಾನಿನಿಂದ ಇಳಿಯುವುದು ದೊಡ್ಡದು. ಹೊಳೆ ಬದಿಯದು ಅದರ ಅರ್ಧವೂ ಇಲ್ಲ. ಈಗ ಹಲಸು ಹಣ್ಣಾಗುವ ಕಾಲ. ಕೆಳಗಿನ ಧರೆ ಹತ್ತಿರದ ಹಲಸಿನ ಮರಕ್ಕೆ ಎರಡೂ ಹಿಂಡು ಒಟ್ಟೊಟ್ಟಿಗೆ ಬಂದವು. ಲೆಕ್ಕದ ಪ್ರಕಾರ ದೊಡ್ಡದು ಸಣ್ಣದನ್ನು ಅಟ್ಟಬೇಕಿತ್ತು. ಆದದ್ದು ಉಲ್ಟಾ. ಸ್ವಲ್ಪ ಹೊತ್ತು ಕೊಂಬೆ ಅಲುಗಿಸಿದವು, ಕೂಗಿದವು, ಹೊಳೆ ಹಿಂಡಿನ ನಾಲ್ಕಾರು ಮುಂದೆ ನುಗ್ಗಿದವು, ಅಷ್ಟಕ್ಕೇ ದೊಡ್ಡ ಹಿಂಡು ಕಾನಿನ ಕಡೆ ತಿರುಗಿತು. ಒಂದಕ್ಕೂ ಗಾಯವಾದ ಹಾಗೆ ಕಾಣಲಿಲ್ಲ.

ಹೊಡೆದಾಡಬೇಕೋ ಬಿಡಬೇಕೋ ಅಂತ ಇವು ಹೇಗೆ ತೀರ್ಮಾನ ಮಾಡುತ್ತವೆ? ಎದುರಿಗೆ ಎಷ್ಟಿವೆ ಅಂತ ಎಣಿಸುತ್ತವೆಯೇ? ಎಣಿಸುವುದಾದರೆ ನಾನು ಕಂಡದ್ದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ತಿಳಿದವರು ಬರೆಯಿರಿ.


ಕೋಟೆ ರಸ್ತೆ ಹುಡುಗ, ಶಿವಮೊಗ್ಗ

ಎಣಿಸುತ್ತವೆ ಸರ್. ನಾನು ಎಂ.ಎಸ್ಸಿ. ವಿದ್ಯಾರ್ಥಿ, ಬೀದಿನಾಯಿಗಳ ನಡವಳಿಕೆಯಲ್ಲಿ ಆಸಕ್ತಿ. ಇಟಲಿಯ ರೋಮ್‌ನಲ್ಲಿ ಅಲೆಯುವ ನಾಯಿಗಳ ಗುಂಪುಗಳನ್ನು ರಾಬರ್ಟೊ ಬೊನಾನ್ನಿ ಮತ್ತು ಸಂಗಡಿಗರು ಗಮನಿಸಿ 2011ರಲ್ಲಿ ಬರೆದಿದ್ದಾರೆ. ಎದುರು ಗುಂಪು ತಮಗಿಂತ ಚಿಕ್ಕದಾದಷ್ಟೂ ಯಾವುದಾದರೂ ಒಂದು ನಾಯಿ ಗುರ್ರೆಂದು ಮುನ್ನುಗ್ಗುವ ಸಂಭವ ಹೆಚ್ಚು. ಎದುರು ಗುಂಪು ದೊಡ್ಡದಾದಷ್ಟೂ ಅರ್ಧಕ್ಕಿಂತ ಹೆಚ್ಚು ನಾಯಿಗಳು ಹಿಂದೆ ಸರಿಯುವ ಸಂಭವ ಹೆಚ್ಚು. ನಮ್ಮ ಊರಿನಲ್ಲಿ ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಈ ರಸ್ತೆ ಮೂಲೆಗೂ ಆ ರಸ್ತೆ ಮೂಲೆಗೂ ನಡೆಯುವ ಬೊಗಳಾಟ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಮೂರು ಇದ್ದ ಕಡೆಗೆ ಆರು ಬಂದರೆ ಮೂರರ ಬೊಗಳು ನಿಂತಲ್ಲೇ ನಿಲ್ಲುತ್ತದೆ, ಕಾಲು ಮಾತ್ರ ಹಿಂದೆ ಹೋಗುತ್ತಿರುತ್ತದೆ.

ನಿಮ್ಮ ದೊಡ್ಡ ಹಿಂಡಿನಲ್ಲಿ ಮರಿಗಳೇ ಹೆಚ್ಚಿದ್ದಿರಬೇಕು. ಬಲಿತ ಗಂಡುಗಳನ್ನು ಮಾತ್ರ ಲೆಕ್ಕ ಹಾಕಿ ನೋಡಿ.


ತುಂಗಾ ಮೇಷ್ಟ್ರು, ತೀರ್ಥಹಳ್ಳಿ

ಪ್ರಶ್ನೆ ಚೆನ್ನಾಗಿದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ, ಈಗ ನಿವೃತ್ತ.

ಎಣಿಕೆಯ ವಿಷಯದಲ್ಲಿ ದೊಡ್ಡ ಪುರಾವೆ ಸಿಕ್ಕಿದ್ದು ಸಿಂಹಗಳಿಂದ. ಟಾಂಜಾನಿಯಾದ ಸೆರೆಂಗೆಟಿಯಲ್ಲಿ ಕ್ಯಾರನ್ ಮೆಕ್‌ಕೋಂಬ್, ಕ್ರೇಗ್ ಪ್ಯಾಕರ್, ಆನ್ ಪ್ಯೂಸಿ ಮರೆಯಲ್ಲಿ ಧ್ವನಿವರ್ಧಕ ಇಟ್ಟು, ಪರಿಚಯವಿಲ್ಲದ ಸಿಂಹಿಣಿಯರ ಗರ್ಜನೆ ಕೇಳಿಸಿದರು. ಒಮ್ಮೆ ಒಂದೇ ಸಿಂಹಿಣಿಯ ದನಿ, ಇನ್ನೊಮ್ಮೆ ಮೂರರದು. 1994ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ದನಿ ಒಂದೇ ಆಗಿದ್ದು ತಾವು ಹೆಚ್ಚಿದ್ದರೆ ಹೆಣ್ಣುಗಳು ಆ ಕಡೆ ನಡೆದವು. ಮೂರು ದನಿ ಕೇಳಿದಾಗ ತಡೆದವು, ದೂರದಲ್ಲಿದ್ದ ತಮ್ಮವರನ್ನು ಕರೆದುಕೊಳ್ಳಲು ತಾವೂ ಗರ್ಜಿಸಿದವು. ಅಲ್ಲಿ ಕಣ್ಣಿಗೆ ಕಾಣುವ ವೈರಿಯೇ ಇಲ್ಲ, ಬರೀ ದನಿ. ದನಿ ಕೇಳಿಯೇ ಎದುರಿನ ಬಲವನ್ನೂ ತಮ್ಮ ಬಲವನ್ನೂ ತೂಗಿದವು.

ಉಗಾಂಡಾದ ಕಿಬಾಲೆ ಕಾಡಿನ ಚಿಂಪಾಂಜಿಗಳ ಮೇಲೂ ಇಂಥದೇ ಪ್ರಯೋಗ ನಡೆದಿದೆ. ಮೈಕಲ್ ವಿಲ್ಸನ್, ಮಾರ್ಕ್ ಹೌಸರ್, ರಿಚರ್ಡ್ ರಾಂಗಮ್ ಅವರದು, 2001ರ ಪ್ರಕಟಣೆ. ಹೊರಗಿನ ಒಂದು ಗಂಡಿನ ಕೂಗನ್ನು ಕೇಳಿಸಿದರು. ಕೇಳಿದವರಲ್ಲಿ ಬಲಿತ ಗಂಡುಗಳು ಮೂರು ಅಥವಾ ಹೆಚ್ಚಿದ್ದರೆ ಎಲ್ಲವೂ ಒಟ್ಟಾಗಿ ಕೂಗಿಕೊಂಡು ಹೊರಟವು. ಅದಕ್ಕಿಂತ ಕಡಿಮೆ ಇದ್ದರೆ ಬಾಯಿಗೆ ಬೀಗ. ಹೋದರೂ ತಡವಾಗಿ, ಮೆಲ್ಲಗೆ. ಅಂದರೆ ಬರೀ ‘ನಾವು ಹೆಚ್ಚು’ ಎಂಬುದು ಅವಕ್ಕೆ ಸಾಲದು, ಕೊಲ್ಲಬೇಕಾದರೂ ತಮ್ಮ ಮೈಗೆ ಗಾಯವಾಗದಷ್ಟು ಹೆಚ್ಚಿರಬೇಕು.

ಆದರೆ ಆ ಹುಡುಗ ಹೇಳಿದಲ್ಲಿಗೆ ವಿಷಯ ಮುಗಿಯುವುದಿಲ್ಲ. ಅದೇ ಸೆರೆಂಗೆಟಿ ಸಿಂಹಿಣಿಯರನ್ನು ಇನ್ನಷ್ಟು ಸೂಕ್ಷ್ಮವಾಗಿ ನೋಡಿದ ರಾಬರ್ಟ್ ಹೈನ್‌ಸೋನ್ ಮತ್ತು ಪ್ಯಾಕರ್ 1995ರಲ್ಲಿ ಒಂದು ಸಂಗತಿ ತೋರಿಸಿದರು. ಗರ್ಜನೆಯ ಕಡೆಗೆ ಹೊರಟ ಗುಂಪಿನಲ್ಲಿ ಎಲ್ಲವೂ ಒಂದೇ ಹೆಜ್ಜೆಯಲ್ಲಿ ಇರುವುದಿಲ್ಲ. ಕೆಲವು ಯಾವಾಗಲೂ ಮುಂದೆ, ಕೆಲವು ಯಾವಾಗಲೂ ಹಿಂದೆ. ಅಪಾಯ ಹೆಚ್ಚಿದ್ದಾಗ ಮಾತ್ರ ಬಂದು ಸೇರುವವೂ ಉಂಟು, ಅಪಾಯ ಹೆಚ್ಚಿದಷ್ಟೂ ಹಿಂದೆ ಉಳಿಯುವವೂ ಉಂಟು. ಮುಂದೆ ಹೋದ ಸಿಂಹಿಣಿ ಹಿಂದೆ ಉಳಿದವಳ ಕಡೆ ತಿರುಗಿ ತಿರುಗಿ ನೋಡುತ್ತಾಳೆ. ಆದರೂ ಹಿಂದೆ ಉಳಿದವಳಿಗೆ ಶಿಕ್ಷೆಯಿಲ್ಲ. ನನಗೆ ಈ ಇಡೀ ವಿಷಯದಲ್ಲಿ ಅತಿ ಮುಖ್ಯ ಅನಿಸುವುದು ಇದೇ. ‘ಗುಂಪು ತೀರ್ಮಾನಿಸಿತು’ ಎನ್ನುತ್ತೇವೆ, ಗುಂಪಿಗೆ ತೀರ್ಮಾನಿಸಲು ತಲೆ ಎಲ್ಲಿದೆ? ಒಂದೊಂದು ಜೀವವೂ ತನ್ನ ಲಾಭ ನಷ್ಟ ನೋಡಿ ಹೆಜ್ಜೆ ಇಡುತ್ತದೆ. ಆ ಹೆಜ್ಜೆಗಳ ಮೊತ್ತ ನಮಗೆ ಗುಂಪಿನ ತೀರ್ಮಾನವಾಗಿ ಕಾಣುತ್ತದೆ.


ಶರಾವತಿ ಹಿನ್ನೀರು, ಸಾಗರ

ಮೇಷ್ಟ್ರು ಹೇಳಿದ ಜಾಗದಿಂದಲೇ ಹಿಡಿಯುತ್ತೇನೆ. ಬ್ಯಾಣದಂಚಿನ ಅಣ್ಣನ ಪ್ರಶ್ನೆಗೆ ನೇರ ಉತ್ತರ ಪನಾಮಾದ ಬಾರೊ ಕೊಲೊರಾಡೊ ದ್ವೀಪದ ಕಪುಚಿನ್ ಕೋತಿಗಳಲ್ಲಿದೆ. ಮಾರ್ಗರೆಟ್ ಕ್ರೋಫುಟ್ ಮತ್ತು ಜೊತೆಯವರು ಅಕ್ಕಪಕ್ಕದ ಗುಂಪುಗಳಿಗೆ ರೇಡಿಯೊ ಕಾಲರ್ ಹಾಕಿ, ಯಾವ ಗುಂಪು ಎಲ್ಲಿ ಎದುರಾಯಿತು, ಯಾರು ಸೋತು ಹೋದರು ಎಂದು ಹಿಂಬಾಲಿಸಿದರು. 2008ರಲ್ಲಿ ಬಂದ ಲೆಕ್ಕ ಇದು: ಗುಂಪಿನಲ್ಲಿ ಒಂದು ಕೋತಿ ಹೆಚ್ಚಾದರೆ ಗೆಲ್ಲುವ ಅವಕಾಶ ಶೇ. 10ರಷ್ಟು ಏರುತ್ತದೆ. ಆದರೆ ತಮ್ಮ ನೆಲೆಯ ನಡುಭಾಗದಿಂದ ಪ್ರತಿ 100 ಮೀಟರ್ ದೂರ ಹೋದಂತೆ ಅದು ಶೇ. 31ರಷ್ಟು ಇಳಿಯುತ್ತದೆ. ಮನೆಗೆ ಹತ್ತಿರ ಇದ್ದ ಸಣ್ಣ ಗುಂಪು ಮನೆ ಬಿಟ್ಟು ಬಂದ ದೊಡ್ಡ ಗುಂಪನ್ನು ಸೋಲಿಸುತ್ತದೆ.

ಯಾಕೆ ಎಂಬುದಕ್ಕೆ ಕ್ರೋಫುಟ್ ಮತ್ತು ಇಯಾನ್ ಗಿಲ್ಬಿ 2012ರಲ್ಲಿ ಉತ್ತರ ಕೊಟ್ಟರು. ಅಲ್ಲೂ ಧ್ವನಿವರ್ಧಕದ ಪ್ರಯೋಗವೇ. ನೆಲೆಯ ನಡುವೆ ಹೊರಗಿನವರ ದನಿ ಕೇಳಿದರೆ ಕೋತಿಗಳು ಆ ಕಡೆ ಓಡುತ್ತವೆ, ಅಂಚಿನಲ್ಲಿ ಕೇಳಿದರೆ ಜಾರಿಕೊಳ್ಳುತ್ತವೆ. ತಮ್ಮ ಗುಂಪು ದೊಡ್ಡದಿದ್ದಷ್ಟೂ ಜಾರಿಕೊಳ್ಳುವವರು ಹೆಚ್ಚು. ಎಲ್ಲರೂ ‘ಬೇರೆಯವರು ನೋಡಿಕೊಳ್ಳುತ್ತಾರೆ’ ಎಂಬ ಭಾವದಲ್ಲಿ ಇದ್ದಾಗ ದೊಡ್ಡ ಗುಂಪಿನ ದೊಡ್ಡತನ ಕಾದಾಟದ ಜಾಗಕ್ಕೆ ಬಂದು ಸೇರುವುದೇ ಇಲ್ಲ. ಕೂಲಿಗೆ ಇಪ್ಪತ್ತು ಜನರ ಹೆಸರು ಬರೆದುಕೊಂಡು ಅಡಿಕೆ ಕೊನೆ ಕೊಯ್ಲಿನ ದಿನ ಏಳು ಜನ ಬಂದರೆ ನಮ್ಮ ಬಲ ಏಳೇ ಅಲ್ಲವೇ.

ಅಣ್ಣಾ, ಎರಡು ವಿಷಯ ಹೇಳಿ. ಎರಡು ಹಿಂಡುಗಳೂ ರಾತ್ರಿ ಮಲಗುವುದು ಎಲ್ಲಿ? ಆ ಹಲಸಿನ ಮರದಿಂದ ಎಷ್ಟು ದೂರ?


ಬ್ಯಾಣದಂಚು, ಹೊಸನಗರ

ಹೊಳೆ ಹಿಂಡು ಮಲಗುವ ಬಸರಿ ಮರ ಆ ಹಲಸಿನ ಬುಡದಲ್ಲಿ ನಿಂತರೆ ಕಾಣುತ್ತದೆ ಅಕ್ಕ. ಕಾನಿನ ಹಿಂಡು ಗುಡ್ಡದ ಆಚೆ ಮಗ್ಗುಲಿನದು. ಅವು ಇಷ್ಟು ಕೆಳಗೆ ಇಳಿಯುವುದು ಹಲಸಿನ ಕಾಲದಲ್ಲಿ ಮಾತ್ರ. ಈಗ ಒಂದು ನೆನಪಾಗುತ್ತದೆ, ಮುಂದೆ ಬಂದ ನಾಲ್ಕಾರನ್ನು ಬಿಟ್ಟರೆ ಕಾನಿನ ಹಿಂಡಿನ ಉಳಿದವು ತೋಟದ ಮೇಲಿನ ಅಗಳದ ಆಚೆಯೇ ಕೂತಿದ್ದವು. ಹಣ್ಣು ಸಿಕ್ಕರೆ ಬರುವುದು, ಗಲಾಟೆ ಆದರೆ ಅಲ್ಲಿಂದಲೇ ಹೋಗುವುದು ಎಂಬ ಹಾಗೆ.


ಶರಾವತಿ ಹಿನ್ನೀರು, ಸಾಗರ

ಹಾಗಾದರೆ ಹಲಸಿನ ಮರದ ಹತ್ತಿರ ಎದುರಾಗಿದ್ದು ದೊಡ್ಡ ಹಿಂಡೂ ಸಣ್ಣ ಹಿಂಡೂ ಅಲ್ಲ. ಹೆಚ್ಚುಕಡಿಮೆ ಸಮಬಲದ ಎರಡು ತುಕಡಿಗಳು. ಒಂದಕ್ಕೆ ಅದು ಮನೆಯಂಗಳ, ಇನ್ನೊಂದಕ್ಕೆ ವರ್ಷಕ್ಕೊಮ್ಮೆಯ ಹಣ್ಣು. ಬಿಟ್ಟುಕೊಟ್ಟರೆ ಯಾರಿಗೆ ಹೆಚ್ಚು ನಷ್ಟವೋ ಅವರು ಹೆಚ್ಚು ದೂರ ಹೋಗಲು ತಯಾರಿರುತ್ತಾರೆ. ಜಾನ್ ಮೇನಾರ್ಡ್ ಸ್ಮಿತ್ ಮತ್ತು ಜಾರ್ಜ್ ಪ್ರೈಸ್ 1973ರಲ್ಲಿ ಪ್ರಾಣಿಗಳ ಕಾದಾಟಕ್ಕೆ ಆಟದ ಸಿದ್ಧಾಂತವನ್ನು (ಎದುರಾಳಿಯ ನಡೆ ನೋಡಿ ತನ್ನ ನಡೆ ಲೆಕ್ಕ ಹಾಕುವ ಗಣಿತ) ಅನ್ವಯಿಸಿದಾಗಿನಿಂದ ಈ ವಿಷಯದ ತಿರುಳು ಅದೇ: ಸಿಗುವುದರ ಬೆಲೆ ಒಂದು ಕಡೆ, ಗಾಯದ ಬೆಲೆ ಇನ್ನೊಂದು ಕಡೆ. ಗಾಯ ದುಬಾರಿಯಾದಷ್ಟೂ ಕಚ್ಚಾಟ ಕಡಿಮೆ, ಪ್ರದರ್ಶನ ಹೆಚ್ಚು. ನೀವು ನೋಡಿದ ಕೊಂಬೆ ಅಲುಗಾಟ ಆ ಪ್ರದರ್ಶನ.


ಜೇನುಪೆಟ್ಟಿಗೆ, ಕೊಪ್ಪ

ಮಂಗ, ಸಿಂಹ ಎಲ್ಲ ಸರಿ. ನಮ್ಮ ಕಣ್ಣೆದುರಿಗೇ ಇರುವ ಚಗಳಿಯನ್ನು ಯಾರೂ ಹೇಳಲಿಲ್ಲವಲ್ಲ ಮಾರಾಯ್ರೇ. ಚಟ್ನಿ ಮಾಡಿ ತಿನ್ನುವ ಕೆಂಪು ಚಗಳಿ ಇರುವೆ, ಎಲೆ ಹೊಲಿದು ಗೂಡು ಕಟ್ಟುವುದು. ಒಂದು ಗೂಡು ಅಂದರೆ ಒಂದು ಕುಟುಂಬ ಅಲ್ಲ. ಒಂದು ಕುಟುಂಬಕ್ಕೆ ಹಲವು ಮರಗಳಲ್ಲಿ ಗೂಡು ಇರುತ್ತದೆ. ಎರಡು ಕುಟುಂಬಗಳ ಎಲ್ಲೆ ಸೇರುವ ಕಡೆ ನಡುವೆ ಯಾರದ್ದೂ ಅಲ್ಲದ ಖಾಲಿ ಜಾಗ ಬಿಟ್ಟಿರುತ್ತವೆ. ಎಲ್ಲೆಯ ಗೂಡುಗಳಲ್ಲಿ ಇರುವವು ಹೆಚ್ಚಾಗಿ ವಯಸ್ಸಾದ ಕೆಲಸಗಾರ ಇರುವೆಗಳು. ಬರ್ಟ್ ಹೋಲ್ಡೊಬ್ಲರ್ ಇದನ್ನು ವಿವರವಾಗಿ ಅಧ್ಯಯನ ಮಾಡಿದವರು. ಎಳೆಯವು ಒಳಗೆ ಮೊಟ್ಟೆ ಮರಿ ನೋಡಿಕೊಳ್ಳುತ್ತವೆ, ಹೇಗಿದ್ದರೂ ಹೆಚ್ಚು ದಿನ ಬಾಳದ ಮುದಿ ಹೆಣ್ಣುಗಳು ಗಡಿ ಕಾಯುತ್ತವೆ. ಎದುರಿನ ಕುಟುಂಬದ ಇರುವೆಯೊಂದಿಗೆ ಸೆಣಸಿ ಬಂದ ಇರುವೆ ವಾಸನೆಯ ದಾರಿ ಹಾಕಿಕೊಂಡು ಬಂದು, ತನ್ನವರ ಎದುರು ಮೈ ಎತ್ತಿ ಜರ್ಕು ಹೊಡೆದು ಜನ ಕೂಡಿಸುತ್ತದೆ.

ಇನ್ನೊಂದು ಸೋಜಿಗ. ಬಹಳ ಪ್ರಾಣಿಗಳು ಪರಿಚಿತ ನೆರೆಯವರನ್ನು ಸಹಿಸಿಕೊಂಡು ಅಪರಿಚಿತರ ಮೇಲೆ ಬೀಳುತ್ತವೆ. ಚಗಳಿ ಹಾಗಲ್ಲ, ದೂರದ ಕುಟುಂಬಕ್ಕಿಂತ ಪಕ್ಕದ ಕುಟುಂಬದ ಮೇಲೇ ಅದಕ್ಕೆ ಕೋಪ ಹೆಚ್ಚು. ದಾರಿ ತಪ್ಪಿ ಬಂದ ಒಂಟಿ ಇರುವೆಯಿಂದ ಏನೂ ಹೋಗುವುದಿಲ್ಲ, ಪಕ್ಕದವರಿಂದ ಮರವೇ ಹೋಗಬಹುದು.

ಜೇನಿನಲ್ಲಿ ನಾನು ದಿನಾ ನೋಡುವುದು ಕಳ್ಳತನ. ಮಳೆಗಾಲದಲ್ಲಿ ಹೂವಿಲ್ಲದಾಗ ಬಲವಾದ ತುಡುವೆ ಕುಟುಂಬ ದುರ್ಬಲ ಪೆಟ್ಟಿಗೆಗೆ ನುಗ್ಗುತ್ತದೆ. ಅದಕ್ಕೇ ಆಗ ಬಾಗಿಲು ಕಿರಿದು ಮಾಡುತ್ತೇವೆ. ಕಿರಿದಾದ ಬಾಗಿಲಲ್ಲಿ ಐವತ್ತು ಬಂದರೂ ಒಮ್ಮೆಗೆ ಎರಡು ಮೂರೇ ಒಳಗೆ ಬರಬೇಕು, ಕಾವಲಿನವಕ್ಕೆ ಅಷ್ಟು ಸಾಕು.


ಕೋಟೆ ರಸ್ತೆ ಹುಡುಗ, ಶಿವಮೊಗ್ಗ

ಜೇನಣ್ಣ, ನೀವು ಬಾಗಿಲು ಕಿರಿದು ಮಾಡುವುದರ ಹಿಂದೆ ಒಂದು ಗಣಿತವೇ ಇದೆ! ಫ್ರೆಡ್ರಿಕ್ ಲ್ಯಾಂಚೆಸ್ಟರ್ ಎಂಬ ಬ್ರಿಟಿಷ್ ಎಂಜಿನಿಯರ್ ಮೊದಲ ಮಹಾಯುದ್ಧದ ಕಾಲದಲ್ಲಿ ಬರೆದ ಸೂತ್ರ. ಬಯಲಿನಲ್ಲಿ ಹಲವರು ಸೇರಿ ಒಬ್ಬನ ಮೇಲೆ ಬೀಳಬಹುದಾದರೆ ಗುಂಪಿನ ಬಲ ಸಂಖ್ಯೆಯ ವರ್ಗದಷ್ಟು ಬೆಳೆಯುತ್ತದೆ. ಇಕ್ಕಟ್ಟಿನಲ್ಲಿ ಒಬ್ಬನಿಗೆ ಒಬ್ಬನೇ ಎದುರಾಗುವುದಾದರೆ ಸಂಖ್ಯೆಯ ಆ ಲಾಭ ಇಲ್ಲ, ಒಂದೊಂದರ ತಾಕತ್ತೇ ಮುಖ್ಯ. ಆಸ್ಟ್ರೇಲಿಯಾದ ಸಂಶೋಧಕರು ಇದನ್ನು ಏಜ್ ಆಫ್ ಎಂಪೈರ್ಸ್ ಎಂಬ ಕಂಪ್ಯೂಟರ್ ಆಟದಲ್ಲೂ ನಿಜವಾದ ಇರುವೆಗಳಲ್ಲೂ ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ್ದಾರೆ. ದೊಡ್ಡ ಗಾತ್ರದ ಮೀಟ್ ಇರುವೆಗಳನ್ನು ಸಣ್ಣ ಅರ್ಜೆಂಟೀನಾ ಇರುವೆಗಳ ಸೈನ್ಯಕ್ಕೆ ಎದುರು ಬಿಟ್ಟರು. ನೆಲ ಬಯಲಾಗಿದ್ದಾಗಿಗಿಂತ ಅಡ್ಡಿ ಆತಂಕಗಳಿಂದ ಕೂಡಿದ್ದಾಗ ದೊಡ್ಡ ಇರುವೆಗಳು ಚೆನ್ನಾಗಿ ಕಾದಾಡಿದವು.

ಮರದ ಕೊಂಬೆಯೂ ಇಕ್ಕಟ್ಟಿನ ಜಾಗವೇ ಅಲ್ಲವೇ? ಹಲಸಿನ ಮರದಲ್ಲಿ ಕಾನಿನ ಹಿಂಡಿಗೆ ಸಂಖ್ಯೆ ಉಪಯೋಗಕ್ಕೆ ಬಾರದಿರಲು ಅದೂ ಕಾರಣ ಇರಬಹುದು. ಗಂಡುಗಳ ಎಣಿಕೆ ಮಾತ್ರ ಸಾಲದು ಎಂಬುದನ್ನು ಈಗ ಒಪ್ಪುತ್ತೇನೆ.


ಕಾಡಂಚಿನ ಮನೆ, ಆಗುಂಬೆ

ಎಲ್ಲರೂ ಗಂಡುಗಳ ಲೆಕ್ಕ ಹಾಕುತ್ತಿದ್ದೀರಿ. ಹೆಣ್ಣುಗಳು ಏನು ಮಾಡುತ್ತವೆ? ನಮ್ಮ ಮನೆ ಹಿತ್ತಲಲ್ಲಿ ಹರಟೆಮಲ್ಲ ಹಕ್ಕಿಗಳ ಎರಡು ಗುಂಪು ಜಗಳಕ್ಕೆ ಬಿದ್ದರೆ ಯಾವುದು ಗಂಡು ಯಾವುದು ಹೆಣ್ಣು ನಮಗೆ ಗೊತ್ತಾಗುವುದಿಲ್ಲ, ಎಲ್ಲವೂ ನೆಲದ ಮೇಲೆ ಉರುಳಾಡುತ್ತಿರುತ್ತವೆ. ಮಂಗಗಳಲ್ಲಿ ಮರಿ ಕಟ್ಟಿಕೊಂಡ ತಾಯಿಗೂ ಒಂದು ಅಭಿಪ್ರಾಯ ಇರಬೇಕಲ್ಲ.


ತುಂಗಾ ಮೇಷ್ಟ್ರು, ತೀರ್ಥಹಳ್ಳಿ

ಇದೆ ತಾಯಿ, ಬಲವಾಗಿಯೇ ಇದೆ. ದಕ್ಷಿಣ ಆಫ್ರಿಕಾದ ವರ್ವೆಟ್ ಕೋತಿಗಳಲ್ಲಿ ಗಡಿಜಗಳ ಸ್ವಲ್ಪ ತಣ್ಣಗಾದಾಗ ಹೆಣ್ಣುಗಳು ಕಾದಾಡಿದ ಗಂಡಿನ ಮೈ ಹೇನು ನೋಡುತ್ತವೆ, ಸುಮ್ಮನೆ ಕೂತ ಗಂಡಿಗೆ ಬೆದರಿಸಿ ಹೊಡೆಯುತ್ತವೆ. ಎರಡೂ ಬಗೆಯ ಗಂಡುಗಳು ಮುಂದಿನ ಸುತ್ತಿನಲ್ಲಿ ಹೆಚ್ಚು ಭಾಗವಹಿಸುತ್ತವೆ. 2016ರ ಅಧ್ಯಯನ ಅದು. ಸಿಂಹಿಣಿಯರಲ್ಲಿ ಹಿಂದೆ ಉಳಿದವಳಿಗೆ ಶಿಕ್ಷೆ ಇಲ್ಲ ಎಂದೆ, ಇಲ್ಲಿ ಉಂಟು. ಇದಕ್ಕೆ ತದ್ವಿರುದ್ಧವೂ ಇದೆ. ಜಪಾನಿನ ಮಂಗಗಳಂಥ ಕೆಲವು ಜಾತಿಗಳಲ್ಲಿ ಎದುರು ಗುಂಪು ಕಂಡಾಗ ಗಂಡು ತನ್ನ ಗುಂಪಿನ ಹೆಣ್ಣುಗಳನ್ನೇ ಹಿಂದಕ್ಕೆ ಅಟ್ಟುತ್ತದೆ. ಅದಕ್ಕೆ ಹಣ್ಣಿನ ಮರಕ್ಕಿಂತ ಹೆಣ್ಣು ಕೈತಪ್ಪುವ ಚಿಂತೆ.

ಆದರೆ ಮನಸ್ಸು ಕಲಕುವ ಉದಾಹರಣೆ ಉಗಾಂಡಾದ ಪಟ್ಟೆ ಮುಂಗುಸಿಯದು. ನಮ್ಮ ಮುಂಗುಸಿಯ ಹಾಗೆ ಒಂಟಿ ಅಥವಾ ಜೋಡಿಯಲ್ಲ, ಇವು ಗುಂಪಿನಲ್ಲಿ ಬಾಳುವವು. ಕ್ವೀನ್ ಎಲಿಜಬೆತ್ ರಾಷ್ಟ್ರೀಯ ಉದ್ಯಾನದಲ್ಲಿ ಮೈಕಲ್ ಕ್ಯಾಂಟ್ ಅವರ ತಂಡ ಹಲವು ವರ್ಷ ಇವುಗಳ ಬೆನ್ನು ಹತ್ತಿದೆ. 2020ರಲ್ಲಿ ಅವರು ತೋರಿಸಿದ್ದು: ಬೆದೆಗೆ ಬಂದ ಹೆಣ್ಣುಗಳು ತಮ್ಮ ಗುಂಪನ್ನು ನೆರೆ ಗುಂಪಿನ ನೆಲಕ್ಕೆ ಕರೆದೊಯ್ಯುತ್ತವೆ. ಕಾದಾಟ ಹತ್ತಿಕೊಳ್ಳುತ್ತದೆ. ಎರಡೂ ಕಡೆಯ ಗಂಡುಗಳು ಕಚ್ಚಾಡುತ್ತಿರುವ ಗೊಂದಲದಲ್ಲಿ ಹೆಣ್ಣುಗಳು ಎದುರು ಗುಂಪಿನ ಗಂಡುಗಳೊಂದಿಗೆ ಕೂಡುತ್ತವೆ. ಹುಟ್ಟಿದ ಗುಂಪಿನಲ್ಲೇ ಬಾಳು ಕಳೆಯುವುದರಿಂದ ಒಳಗಿನ ಗಂಡುಗಳೆಲ್ಲ ಹತ್ತಿರದ ರಕ್ತಸಂಬಂಧಿಗಳು, ಹೊರಗಿನ ತಂದೆಯಿಂದ ಹುಟ್ಟಿದ ಮರಿ ಹೆಚ್ಚು ಗಟ್ಟಿ. ಸಾಯುವುದು ಹೆಚ್ಚಾಗಿ ಗಂಡುಗಳು. ಕಾದಾಟಕ್ಕೆ ದಾರಿ ತೋರಿದವರು ಒಬ್ಬರು, ಬೆಲೆ ತೆತ್ತವರು ಇನ್ನೊಬ್ಬರು. ಕಾದಾಟದ ಲಾಭವೂ ಹಾನಿಯೂ ಒಂದೇ ಮೈಮೇಲೆ ಬೀಳದ ಕಡೆ ಕಾದಾಟ ಭೀಕರವಾಗುತ್ತದೆ ಎಂಬುದು ಆ ಅಧ್ಯಯನದ ವಾದ. ನನಗೆ ಅದು ನಿಜ ಅನ್ನಿಸುತ್ತದೆ.


ಹಳೇ ಸೇತುವೆ, ಭದ್ರಾವತಿ

ಮೇಷ್ಟ್ರೇ, ಇದು ನಮ್ಮ ರಾಜಕಾರಣಕ್ಕೆ ಹೊಂದುವ ಮಾತು. ಯುದ್ಧ ಮಾಡಿಸುವವರು, ಸಾಯುವವರು.


ತುಂಗಾ ಮೇಷ್ಟ್ರು, ತೀರ್ಥಹಳ್ಳಿ

ಆ ಕಡೆ ಹೋಗುವುದು ಬೇಡ ಎಂದು ನನ್ನ ವಿನಂತಿ. ಮುಂಗುಸಿಗೆ ಮಾತಿಲ್ಲ, ಕಾನೂನಿಲ್ಲ, ಒಪ್ಪಂದವಿಲ್ಲ. ಮನುಷ್ಯನ ತಪ್ಪಿಗೆ ಪ್ರಾಣಿಯನ್ನು ಸಾಕ್ಷಿಗೆ ಕರೆಯುವುದೂ ಬೇಡ, ಪ್ರಾಣಿಯ ಮೇಲೆ ಮನುಷ್ಯನ ಅಪರಾಧ ಹೊರಿಸುವುದೂ ಬೇಡ.


ಮಲೆಕೆರೆ, ಸೊರಬ

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಮಂಗಗಳ ಕಾದಾಟ ನೋಡಿದ ಮೇಲೆ ಎಲ್ಲಾದರೂ ಸತ್ತ ಮಂಗ ಕಂಡರೆ ‘ಕಚ್ಚಾಡಿ ಸತ್ತಿದೆ’ ಎಂದು ನೀವೇ ತೀರ್ಮಾನಿಸಿ ಎಳೆದು ಹೂಳಬೇಡಿ. ಮನುಷ್ಯರಿಗೂ ತಗಲುವ ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಸತ್ತ ಮಂಗಗಳ ಮೂಲಕವೇ. ಹರಡುವುದು ಉಣ್ಣೆ ಎಂಬ ರಕ್ತ ಹೀರುವ ಹುಳದಿಂದ. ಮಂಗ ಸತ್ತಾಗ ಅದರ ಮೈಮೇಲಿನ ಉಣ್ಣೆಗಳು ಕೆಳಗೆ ಉದುರಿ ಆ ಜಾಗವೇ ಅಪಾಯದ್ದಾಗುತ್ತದೆ. ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ, ಆಶಾ ಕಾರ್ಯಕರ್ತೆಗೆ ಅಥವಾ ಅರಣ್ಯ ಇಲಾಖೆಯವರಿಗೆ ತಿಳಿಸಿ. ಚಳಿಗಾಲದಿಂದ ಮಳೆ ಬರುವವರೆಗೆ ಇನ್ನೂ ಹೆಚ್ಚು ಎಚ್ಚರ ಬೇಕು.


ಬ್ಯಾಣದಂಚು, ಹೊಸನಗರ

ಧನ್ಯವಾದ, ಮನೆಯಲ್ಲಿ ಎಲ್ಲರಿಗೂ ಹೇಳಿದೆ.

ಚರ್ಚೆ ಓದುತ್ತಾ ಇನ್ನೊಂದು ಪ್ರಶ್ನೆ ಹುಟ್ಟಿತು. ಊರಿನಲ್ಲಿ ಎಲ್ಲರೂ ದುಡ್ಡು ಹಾಕಿ ಮಂಗ ಹಿಡಿಸಿ ದೂರದ ಕಾಡಿಗೆ ಬಿಡಿಸೋಣ ಎಂಬ ಮಾತು ನಡೆಯುತ್ತಿದೆ. ಹಿಡಿದ ಮಂಗಗಳನ್ನು ಒಂದು ಕಡೆ ಇಡಲು ಮಂಕಿ ಪಾರ್ಕ್ ಬೇಕು ಎಂಬ ಬೇಡಿಕೆ ನಮ್ಮ ಜಿಲ್ಲೆಯಲ್ಲಿ ಎದ್ದದ್ದು ನಿಮಗೆಲ್ಲ ಗೊತ್ತು. ಫಸಲು ಕಳೆದುಕೊಂಡವರ ಸಂಕಟ ನನಗೂ ಇದೆ, ಬಾಳೆ ಏಲಕ್ಕಿ ಎರಡನ್ನೂ ಬಿಟ್ಟಾಯಿತು. ಆದರೆ ಹೊಳೆ ಹಿಂಡನ್ನು ಹಿಡಿದು ಸಾಗಿಸಿದರೆ ಏನಾಗುತ್ತದೆ? ಅಲ್ಲಿ ಅವುಗಳ ಗತಿ ಏನು, ಇಲ್ಲಿ ನಮ್ಮ ಗತಿ ಏನು?


ಶರಾವತಿ ಹಿನ್ನೀರು, ಸಾಗರ

ಇದಕ್ಕೆ ಗೊಂಬೆ ಎಂಬ ಕಾಡಿನ ಕಥೆ ಹೇಳುತ್ತೇನೆ. ಟಾಂಜಾನಿಯಾದ ಗೊಂಬೆಯಲ್ಲಿ ಜೇನ್ ಗುಡಾಲ್ 1960ರಿಂದ ನೋಡುತ್ತಿದ್ದ ಚಿಂಪಾಂಜಿ ಸಮುದಾಯ ಎಪ್ಪತ್ತರ ದಶಕದ ಆರಂಭದಲ್ಲಿ ಎರಡಾಯಿತು. ಉತ್ತರದವರು ಕಸಕೇಲ, ದಕ್ಷಿಣಕ್ಕೆ ಹೋದವರು ಕಹಾಮ. 1974ರಿಂದ 1978ರವರೆಗೆ ಕಸಕೇಲದ ಗಂಡುಗಳು ಗುಂಪುಗೂಡಿ ಹೋಗಿ ಕಹಾಮದ ಗಂಡುಗಳನ್ನು ಒಂಟಿಯಾಗಿ ಸಿಕ್ಕಾಗ ಒಂದೊಂದಾಗಿ ಕೊಂದವು. ಮೇಷ್ಟ್ರು ಹೇಳಿದ ‘ಗಾಯವಾಗದಷ್ಟು ಹೆಚ್ಚಿರಬೇಕು’ ಎಂಬ ಲೆಕ್ಕ ಅಕ್ಷರಶಃ ನಡೆಯಿತು. ಕಹಾಮ ಇಲ್ಲವಾಯಿತು, ನೆಲ ಕಸಕೇಲದ್ದಾಯಿತು. ಮುಂದೇನಾಯಿತು ಎಂಬುದನ್ನು ಜನ ಹೇಳುವುದು ಕಡಿಮೆ. ಕಹಾಮದ ಆಚೆ ದಕ್ಷಿಣದಲ್ಲಿ ಕಲಾಂಡೆ ಎಂಬ ಇನ್ನೊಂದು ಬಲವಾದ ಸಮುದಾಯ ಇತ್ತು. ನಡುವಿನವರು ಹೋದ ಮೇಲೆ ಕಸಕೇಲ ನೇರವಾಗಿ ಅವರಿಗೆ ಎದುರಾಯಿತು, ಗೆದ್ದ ನೆಲದ ಬಹುಭಾಗ ಬಿಟ್ಟು ಹಿಂದೆ ಸರಿಯಿತು.

ಖಾಲಿ ಜಾಗ ಖಾಲಿಯಾಗಿ ಉಳಿಯುವುದಿಲ್ಲ ಅಣ್ಣ. ಉಗಾಂಡಾದ ಎನ್‌ಗೊಗೊ ಚಿಂಪಾಂಜಿಗಳು ಹತ್ತು ವರ್ಷ ನೆರೆಯವರ ಮೇಲೆ ದಾಳಿ ಮಾಡಿ 2009ರಲ್ಲಿ ತಮ್ಮ ನೆಲೆಯನ್ನು ಶೇ. 22ರಷ್ಟು ಹಿಗ್ಗಿಸಿಕೊಂಡವು. ಆಮೇಲಿನ ಮೂರು ವರ್ಷಗಳಲ್ಲಿ ಅಲ್ಲಿ ಹುಟ್ಟಿದ ಮರಿಗಳು ಮೊದಲಿನ 3 ವರ್ಷಕ್ಕಿಂತ ದುಪ್ಪಟ್ಟಿಗೂ ಹೆಚ್ಚು. ನೆಲ ಸಿಕ್ಕರೆ ಸಂತತಿ ಏರುತ್ತದೆ. ನಿಮ್ಮ ಹೊಳೆ ಹಿಂಡನ್ನು ಸಾಗಿಸಿದರೆ ಕಾನಿನ ಹಿಂಡಿಗೆ ಆ ಬಸರಿ, ಹಲಸು, ತೋಟ ಎಲ್ಲ ತೆರೆದ ಹಾಗೆ. ಈಗ ವರ್ಷಕ್ಕೊಮ್ಮೆ ಹಿಂಜರಿದು ಬರುವ ದೊಡ್ಡ ಹಿಂಡು ಆಗ ಹಿಂಜರಿಯುವುದು ಯಾರಿಗೆ? ಇದು ಚಿಂಪಾಂಜಿಯಿಂದ ನಮ್ಮ ಮಂಗಕ್ಕೆ ನಾನು ಮಾಡುತ್ತಿರುವ ಊಹೆ, ಹಾಗೆಂದೇ ತೆಗೆದುಕೊಳ್ಳಿ. ಆದರೆ ಊಹೆಗೆ ಆಧಾರ ಇದೆ.

ಅಲ್ಲಿ ಬಿಟ್ಟ ಮಂಗಗಳ ಗತಿ ಹೇಳಲು ನನಗೆ ಸಂಕಟ. ಅವು ಎಲ್ಲಿ ಇಳಿದರೂ ಅದು ಇನ್ನೊಂದು ಹಿಂಡಿನ ನೆಲೆ. ಯಾವ ಮರ ಯಾವಾಗ ಹಣ್ಣಾಗುತ್ತದೆ ಗೊತ್ತಿಲ್ಲ, ರಾತ್ರಿ ಎಲ್ಲಿ ಮಲಗಬೇಕು ಗೊತ್ತಿಲ್ಲ. ನೆಲೆಯ ನಡುವಿನಿಂದ ದೂರ ಹೋದಷ್ಟೂ ಸೋಲು ಎಂದು ಕಪುಚಿನ್ ಲೆಕ್ಕ ಹೇಳಿದರೆ, ಇವಕ್ಕೆ ನಡುವೇ ಇಲ್ಲ. ಹಿಡಿಯುವಾಗ ಹಿಂಡು ಪೂರ್ತಿ ಸಿಗುವುದೂ ಅಪರೂಪ. ಹೆಣ್ಣು ಮಂಗಗಳು ಹುಟ್ಟಿದ ಹಿಂಡಿನಲ್ಲೇ ತಾಯಿ, ಅಕ್ಕತಂಗಿಯರ ಜೊತೆ ಬಾಳುವವು, ಗಂಡುಗಳು ಬಲಿತ ಮೇಲೆ ಹಿಂಡು ಬಿಡುವವು. ಆ ಹೆಣ್ಣುಗಳ ನಂಟೇ ಹಿಂಡಿನ ಬೆನ್ನೆಲುಬು. ಅರ್ಧ ಹಿಡಿದು ಅರ್ಧ ಬಿಟ್ಟರೆ ಎರಡು ಕಡೆಯೂ ಮುರಿದ ಗುಂಪು. ಕಾಡಿನಲ್ಲಿ ಜಾಗ ಸಿಗದ ಮಂಗ ಹತ್ತಿರದ ಯಾರದೋ ಮನೆ ಮಾಡಿನ ಮೇಲೆ ಬಂದು ಕೂರುತ್ತದೆ.


ಕಾಡಂಚಿನ ಮನೆ, ಆಗುಂಬೆ

ಮುದಿ ಮಂಗಗಳನ್ನು ಮೊದಲು ಹಿಡಿಯುತ್ತಾರೆ, ಅವು ಬೋನಿಗೆ ಬೇಗ ಬೀಳುತ್ತವೆ ಎಂದು ನಮ್ಮ ಕಡೆ ಹೇಳುವುದು ಕೇಳಿದ್ದೇನೆ. ಅದರಿಂದ ಹಿಂಡಿಗೆ ವ್ಯತ್ಯಾಸ ಆಗುತ್ತದೆಯೇ?


ತುಂಗಾ ಮೇಷ್ಟ್ರು, ತೀರ್ಥಹಳ್ಳಿ

ತೋಳಗಳಲ್ಲಿ ಆಗುತ್ತದೆ. 1995ರಲ್ಲಿ ಮತ್ತೆ ತಂದುಬಿಟ್ಟ ಅಮೆರಿಕದ ಯೆಲ್ಲೊಸ್ಟೋನ್ ತೋಳಗಳ ಗುಂಪುಜಗಳಗಳನ್ನು ಕೀರಾ ಕ್ಯಾಸಿಡಿ ಮತ್ತು ಸಂಗಡಿಗರು ಲೆಕ್ಕ ಹಾಕಿ 2015ರಲ್ಲಿ ಬರೆದರು. ದೊಡ್ಡ ಗುಂಪು ಗೆಲ್ಲುವುದು ಹೆಚ್ಚು, ಬಲಿತ ಗಂಡು ಹೆಚ್ಚಿದ್ದರೂ ಅನುಕೂಲ. ಅವೆಲ್ಲಕ್ಕಿಂತ ತೂಕದ್ದು 6 ವರ್ಷ ದಾಟಿದ ಮುದಿ ತೋಳ ಇರುವುದು. ಕಾಡುತೋಳಕ್ಕೆ ಆರು ಎಂದರೆ ಇಳಿವಯಸ್ಸು, ಮೈಬಲ ಕುಗ್ಗಿರುತ್ತದೆ. ಆದರೂ ಅದು ಜೊತೆಗಿದ್ದರೆ ಗುಂಪು ಗೆಲ್ಲುತ್ತದೆ. ಹಳೆಯ ಕಾದಾಟಗಳನ್ನು ಕಂಡದ್ದು, ಸೋಲುವ ಜಗಳ ಯಾವುದೆಂದು ಗುರುತಿಸಿ ತಪ್ಪಿಸುವುದು ಅದಕ್ಕೆ ಗೊತ್ತಿರಬಹುದು ಎಂಬುದು ಅವರ ವಿವರಣೆ. ಮಂಗಕ್ಕೆ ಇದನ್ನು ಹಾಗೇ ಅನ್ವಯಿಸಲಾರೆ. ಆದರೆ ಯಾವ ಹಿಂಡಿನಿಂದಲೂ ಮುದಿಯನ್ನು ‘ಹೇಗಿದ್ದರೂ ಹೋಗುವುದು’ ಎಂದು ಎತ್ತಿಬಿಡಬಾರದು.


ಶರಾವತಿ ಹಿನ್ನೀರು, ಸಾಗರ

ಗುಡ್ಡದ ಊರಿನವರಿಗಾಗಿ ಇನ್ನೊಂದು ಅಧ್ಯಯನ ಬರೆಯದೆ ಮನಸ್ಸು ತಡೆಯದು. ಐವರಿ ಕೋಸ್ಟ್ ದೇಶದ ತಾಯ್ ಕಾಡಿನಲ್ಲಿ ಸಿಲ್ವಾನ್ ಲೆಮ್ವಾನ್ ಮತ್ತು ಜೊತೆಯವರು ಮೂರು ವರ್ಷ ಎರಡು ನೆರೆ ಸಮುದಾಯದ ಚಿಂಪಾಂಜಿಗಳನ್ನು ಹಿಂಬಾಲಿಸಿದರು, 2023ರಲ್ಲಿ ಪ್ರಕಟಿಸಿದರು. ಗಡಿಯ ಕಡೆ ಹೋಗುವಾಗ ಅವು ಗುಡ್ಡ ಹತ್ತುವುದು ಒಳನಾಡಿಗೆ ಹೋಗುವಾಗಿಗಿಂತ ಬಹಳ ಹೆಚ್ಚು. ಗುಡ್ಡದ ತಲೆಯಲ್ಲಿ ಗದ್ದಲದ ಮೇವು ಬಿಟ್ಟು ಸುಮ್ಮನೆ ಕೂರುತ್ತವೆ. ದಟ್ಟ ಕಾಡು, ನೋಡಲು ಏನೂ ಕಾಣುವುದಿಲ್ಲ. ಆದರೆ ಎತ್ತರದಲ್ಲಿ ದನಿ ದೂರದಿಂದ ಕೇಳುತ್ತದೆ. ಇಳಿದ ಮೇಲೆ ವೈರಿಯ ನೆಲದೊಳಕ್ಕೆ ಮುಂದುವರಿಯುವುದು ವೈರಿಗಳು ದೂರವಿದ್ದಾಗ ಹೆಚ್ಚು, ಹತ್ತಿರವಿದ್ದಾಗ ಕಡಿಮೆ. ಜಗಳದ ತೀರ್ಮಾನ ಜಗಳದ ಜಾಗದಲ್ಲಿ ಆಗುವುದಿಲ್ಲ, ಅದಕ್ಕಿಂತ ಮುಂಚೆ ಕಿವಿಯಲ್ಲಿ ಆಗಿರುತ್ತದೆ.

ನಮ್ಮಲ್ಲಿ ಮಂಗಗಳ ಹಿಂಡು ಕೂಡ ಇಳಿಯುವ ಮೊದಲು ಎಲ್ಲಿ ನಿಂತು ಕೇಳಿಸಿಕೊಳ್ಳುತ್ತದೆ ಎಂದು ಗಮನಿಸಿದವರು ಯಾರಾದರೂ ಇದ್ದೀರಾ?


ಬ್ಯಾಣದಂಚು, ಹೊಸನಗರ

ತೋಟದ ಮೇಲಿನ ಧೂಪದ ಮರದಲ್ಲಿ ಕೂರುತ್ತವೆ ಅಕ್ಕ. ಕಾವಲಿಗೆ ಕೂತಿವೆ, ನಮ್ಮನ್ನು ನೋಡುತ್ತಿವೆ ಎಂದು ನಾವು ಗರ್ನಾಲು ಹೊಡೆಯುತ್ತೇವೆ. ಹೊಳೆ ಹಿಂಡಿನ ದನಿ ಇದೆಯೋ ಇಲ್ಲವೋ ಎಂದು ಕೇಳಿಸಿಕೊಳ್ಳುತ್ತಿರಬಹುದು ಎಂಬ ಕೋನದಿಂದ ನೋಡಿರಲಿಲ್ಲ. ಹೊಳೆ ಹಿಂಡು ದೂರ ಹೋದ ದಿನಗಳಲ್ಲೇ ಅವು ಇಳಿಯುತ್ತವೆಯೋ ಎಂದು ನೋಡಬಹುದು.

ಹಿಡಿಸುವ ಸಭೆ ಈ ಭಾನುವಾರ ಇದೆ. ಇಲ್ಲಿ ಬರೆದದ್ದನ್ನು ಮುದ್ರಿಸಿ ಒಯ್ಯುತ್ತೇನೆ. ‘ಪುಸ್ತಕದ ಮಾತು’ ಎನ್ನುವವರು ಇದ್ದೇ ಇರುತ್ತಾರೆ, ಅವರ ತೋಟವೂ ಹಾಳಾಗಿದೆ, ಅವರ ಮೇಲೆ ನನಗೆ ಕೋಪವಿಲ್ಲ. ಒಂದು ಹಂಗಾಮು ಹಿಡಿಸುವುದು ನಿಲ್ಲಿಸಿ, ಯಾವ ಹಿಂಡು ಎಲ್ಲಿ ಮಲಗುತ್ತದೆ, ಎಲ್ಲಿ ಎದುರಾಗುತ್ತವೆ, ಮುಂದೆ ಬರುವವು ಯಾವು ಎಂದು ಊರಿನವರೇ ಬರೆದಿಡೋಣ ಎಂದು ಕೇಳುತ್ತೇನೆ.


ಕೋಟೆ ರಸ್ತೆ ಹುಡುಗ, ಶಿವಮೊಗ್ಗ

ಬರೆದಿಡಲು ಒಂದು ಪಟ್ಟಿ ಮಾಡಿಕೊಡುತ್ತೇನೆ ಸರ್. ದಿನಾಂಕ, ಹೊತ್ತು, ಮರ, ಯಾವ ಹಿಂಡು ಮೊದಲು ಬಂತು, ಎದುರಾದಾಗ ಮುಂದೆ ನಿಂತವೆಷ್ಟು, ಹಿಂದೆ ಉಳಿದವೆಷ್ಟು, ಮರಿ ಹೊತ್ತ ಹೆಣ್ಣುಗಳು ಎಲ್ಲಿದ್ದವು, ಯಾರು ಮೊದಲು ತಿರುಗಿದರು. ಧೂಪದ ಮರಕ್ಕೆ ಬೇರೆಯೇ ಒಂದು ಅಂಕಣ ಇಡೋಣ. ಶನಿವಾರದೊಳಗೆ ಕಳಿಸುತ್ತೇನೆ. ಸಭೆಗೆ ನಾನೂ ಬರಬಹುದಾ?


ಬ್ಯಾಣದಂಚು, ಹೊಸನಗರ

ಬಾ ತಮ್ಮಾ. ಬೆಳಿಗ್ಗೆಯ ಬಸ್ಸಿಗೆ ಬಂದರೆ ಊಟ ನಮ್ಮಲ್ಲೇ. ಮಲಗುವ ಮರಗಳನ್ನೂ ತೋರಿಸುತ್ತೇನೆ.